30 ಮಿಲಿಮೀಟರ್ ತಾನೇ!

ಈಗಷ್ಟೇ ಒಂದು ರೀಲ್ ನೋಡಿದೆ. ಮೈಯೆಲ್ಲ ಉರಿಯುತ್ತಿದೆ, ಅದಕ್ಕೇ ಬರೆಯಲು ಕೂತಿದ್ದೇನೆ. ಉದ್ದ ಆಗುತ್ತದೆ. ಬೇಡದವರು ಮುಂದಕ್ಕೆ ಹೋಗಿ, ನನಗೇನೂ ಬೇಜಾರಿಲ್ಲ.

ಲಿಫ್ಟ್ ಮೇಲೆ ಒಂದು ಕಾರು. ಹಳೇ ಸ್ಪ್ರಿಂಗ್ ನೆಲದ ಮೇಲೆ. ಅದರ ಪಕ್ಕದಲ್ಲಿ ಕೆಂಪು ಬಣ್ಣದ ಗಿಡ್ಡ ಸ್ಪ್ರಿಂಗ್, ಕಾರಿನ ಎತ್ತರ ತಗ್ಗಿಸಲು ಹಾಕುವಂಥದ್ದು. ಕಣ್ಣು ಮಿಟುಕಿಸುವಷ್ಟರಲ್ಲಿ ಕಾರು ಕೆಳಗಿಳಿಯಿತು, ಹಾಡು ಜೋರಾಯಿತು. ಒಬ್ಬ ಮಹಾನುಭಾವ ಬಂದು ಟೈರಿಗೂ ಫೆಂಡರಿಗೂ ನಡುವೆ ಎರಡು ಬೆರಳು ಇಟ್ಟು ತೋರಿಸಿದ. ಕೊನೆಗೆ ಅಕ್ಷರಗಳು ತೇಲಿ ಬಂದವು: "30 ಮಿಲಿಮೀಟರ್ ಅಷ್ಟೇ. ದಿನಾ ಓಡಿಸೋಕೆ ಏನೂ ತೊಂದರೆ ಇಲ್ಲ."

ಏನೂ ತೊಂದರೆ ಇಲ್ಲವಂತೆ!

ನನ್ನನ್ನು ಬಲ್ಲವರಿಗೆ ಗೊತ್ತು, ನನ್ನ ಕಾರೂ ತಗ್ಗಿಸಿದ್ದೇ. ನಿಮ್ಮಲ್ಲಿ ಕೆಲವರನ್ನು ಹಂಪ್ ಬಂದಾಗ ಕೆಳಗಿಳಿಸಿ, ದಾಟಿದ ಮೇಲೆ ಮತ್ತೆ ಹತ್ತಿಸಿಕೊಂಡಿದ್ದೇನೆ. ಹಾಗಾಗಿ "ಇವನಿಗೆ ಕಾರಿನ ರುಚಿ ಗೊತ್ತಿಲ್ಲ, ಸುಮ್ನೆ ಪ್ರವಚನ ಮಾಡ್ತಾನೆ" ಅನ್ನಬೇಡಿ. ಹುಚ್ಚು ಚೆನ್ನಾಗಿಯೇ ಇದೆ. ಹಾಕಿಸಿದ್ದಕ್ಕೆ ಪಶ್ಚಾತ್ತಾಪವೂ ಇಲ್ಲ. ನನ್ನ ತಕರಾರು ಒಂದೇ: ಈ 30 ಮಿಲಿಮೀಟರನ್ನು ಇವರು ಎಲ್ಲಿಂದ ಕಳೆಯುತ್ತಾರೆ?

ಮಾರುವವನ ಲೆಕ್ಕ ಹೀಗಿರುತ್ತದೆ. ಕಾರಿನ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ಹೊಟ್ಟೆಗೂ ನೆಲಕ್ಕೂ ನಡುವಿನ ಅಂತರ, 165 ಮಿಲಿಮೀಟರ್. ಅದರಲ್ಲಿ 30 ಹೋದರೆ 135. "ಇನ್ನೂ ಬೇಕಾದಷ್ಟಿದೆ ಸಾರ್!" ಕೇಳಿದವನೂ ತಲೆ ಆಡಿಸುತ್ತಾನೆ. ಐದರಲ್ಲಿ ಒಂದು ಪಾಲೂ ಹೋಗಲಿಲ್ಲ ಅಲ್ವಾ?

ಆದರೆ ಚಕ್ರಕ್ಕೆ ಗ್ರೌಂಡ್ ಕ್ಲಿಯರೆನ್ಸ್ ಕಟ್ಟಿಕೊಂಡು ಏನಾಗಬೇಕು? ಉಬ್ಬು ಸಿಕ್ಕಾಗ ಅದು ಮೇಲಕ್ಕೆ ಸರಿಯಬೇಕು, ಅದಕ್ಕೆ ಜಾಗ ಬೇಕು. ನಿಂತ ಎತ್ತರದಿಂದ ಪೂರ್ತಿ ಮೇಲಕ್ಕೆ 80 ಮಿಲಿಮೀಟರ್ ಜಾಗ ಇರುವ ಕಾರು ಅಂತ ಇಟ್ಟುಕೊಳ್ಳಿ. ಗಿಡ್ಡ ಸ್ಪ್ರಿಂಗ್ ಹಾಕಿದಿರಿ. ಶಾಕ್ ಅಬ್ಸಾರ್ಬರ್ ಹಳೆಯದೇ, ಅದರ ಉದ್ದ ಬದಲಾಗಿಲ್ಲ. ಹಾಗಾದರೆ ಆ 30 ಹೋಗುವುದು ಈ 80ರಿಂದ. ಉಳಿದದ್ದು 50. ಇನ್ನು ಆ 50ರಲ್ಲಿ ಕೊನೆಯ ಭಾಗ ಬಂಪ್ ಸ್ಟಾಪಿಗೆ ಸೇರಿದ್ದು. ಶಾಕ್ ಅಬ್ಸಾರ್ಬರಿನ ರಾಡ್ ಮೇಲೆ ರಬ್ಬರಿನದೋ ಫೋಮಿನದೋ ಒಂದು ತುಂಡು ಇರುತ್ತದಲ್ಲ, ಅದು. ಅದರ ಪಾಲು 40 ಅಂತಾದರೆ, ಸ್ಪ್ರಿಂಗ್ ಯಾವುದಕ್ಕೂ ತಾಗದೆ ಆಡಲು ಮೊದಲು 40 ಇತ್ತು, ಈಗ 10. ಹತ್ತು! ಹಿಂದಿನ ಸೀಟಲ್ಲಿ ಇಬ್ಬರು ಕೂತರೆ ಅದೂ ಮುಗಿಯಿತು. ಕಾರು ಇನ್ನೂ ಹೊರಟೇ ಇರುವುದಿಲ್ಲ, ಆಗಲೇ ಬಂಪ್ ಸ್ಟಾಪ್ ಮೇಲೆ ಕೂತಿರುತ್ತದೆ.

ಇದನ್ನು ಯಾವ ರೀಲೂ ತೋರಿಸುವುದಿಲ್ಲ. ತೋರಿಸುವುದು ಎರಡು ಬೆರಳು.

ನನ್ನ ಕಾರಿನ ಹಿಂದಿನ ಬಂಪ್ ಸ್ಟಾಪನ್ನು ಮೆಕ್ಯಾನಿಕ್ ಒಮ್ಮೆ ಬಿಚ್ಚಿ ಕೈಗೆ ಕೊಟ್ಟ. ಹಳದಿ ಫೋಮ್, ಮೈಮೇಲೆ ಸುತ್ತ ಮಡಿಕೆಗಳು. ತುದಿಯ ಮಡಿಕೆ ಚಪ್ಪಟೆಯಾಗಿ ಹೋಗಿತ್ತು. ಹೆಬ್ಬೆರಳಲ್ಲಿ ಒತ್ತಿದರೆ ಪುಡಿಯಾಗಿ ಉದುರಿ ಅಂಗೈಗೆ ಅಂಟಿಕೊಂಡಿತು. "ಪಾಪ, ಇದು ಯಾವಾಗಲೋ ಒಂದ್ಸಲ ಕೆಲಸ ಮಾಡೋಕೆ ಇರೋದು ಸಾರ್. ನೀವು ಓವರ್‌ಟೈಮ್ ಮಾಡಿಸಿದ್ದೀರಿ" ಅಂದ. ಒಳ್ಳೆಯ ಕಿಟ್ ಜೊತೆ ಗಿಡ್ಡ ಬಂಪ್ ಸ್ಟಾಪ್ ಬರುತ್ತದೆ, ಇಲ್ಲವೇ ಹಳೆಯದನ್ನು ಎಷ್ಟು ಕತ್ತರಿಸಬೇಕು ಅಂತ ಒಂದು ಹಾಳೆಯಲ್ಲಿ ಬರೆದಿರುತ್ತದೆ. ಆ ಹಾಳೆ ಡಬ್ಬದ ಜೊತೆ ಕಸಕ್ಕೆ ಹೋಗುತ್ತದೆ ಅನ್ನುವುದು ಬೇರೆ ಮಾತು.

ಇಲ್ಲಿಗೆ ಬಂದಾಗ ಯಾರಾದರೂ ಒಬ್ಬ ಎದ್ದು ನಿಲ್ಲುತ್ತಾನೆ. "ಆ ಸ್ಪ್ರಿಂಗ್ ಗಟ್ಟಿ ಇರುತ್ತೆ ಗುರು, ಅಷ್ಟು ಕುಗ್ಗೋದೇ ಇಲ್ಲ, ಜಾಗ ಯಾಕೆ ಬೇಕು?" ಸರಿ, ಅದನ್ನೂ ನೋಡೋಣ. 80 ಮಿಲಿಮೀಟರಲ್ಲಿ ನುಂಗುತ್ತಿದ್ದ ಏಟನ್ನು 50ರಲ್ಲಿ ನುಂಗಬೇಕು. ಸ್ಪ್ರಿಂಗಿನಲ್ಲಿ ತುಂಬಿಕೊಳ್ಳುವ ಶಕ್ತಿ ಅದು ಕುಗ್ಗಿದ ದೂರದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಶಾಲೆಯಲ್ಲಿ ಓದಿದ್ದೇ. 80 ಭಾಗಿಸು 50, ಅಂದರೆ 1.6. ಅದರ ವರ್ಗ 2.56. ಬಂಪ್ ಸ್ಟಾಪು, ಶಾಕ್ ಅಬ್ಸಾರ್ಬರು ಎಲ್ಲ ಪಕ್ಕಕ್ಕಿಟ್ಟು ಬರೀ ಸ್ಪ್ರಿಂಗಿನ ಲೆಕ್ಕ ಹೇಳುತ್ತಿದ್ದೇನೆ: ಅದು ಎರಡೂವರೆ ಪಟ್ಟು ಗಟ್ಟಿ ಇರಬೇಕು. ಅಂಗಡಿಯಲ್ಲಿ ಸಿಗುವುದು ಸಾಮಾನ್ಯವಾಗಿ ಮೂಲ ಸ್ಪ್ರಿಂಗಿಗಿಂತ ಕಾಲು ಪಾಲಿನ ಆಸುಪಾಸು ಗಟ್ಟಿ. ನಿಜವಾಗಿ ಎರಡೂವರೆ ಪಟ್ಟು ಗಟ್ಟಿ ಕೊಟ್ಟರೆ ನೀವು ಮೊದಲನೇ ದಿನವೇ ಸೊಂಟ ಹಿಡಿದುಕೊಂಡು ವಾಪಸ್ ಕೊಡಲು ಬರುತ್ತೀರಿ. ಮಾರುವವರಿಗೂ ಅದು ಗೊತ್ತು.

ಇನ್ನೊಬ್ಬ ಇದ್ದಾನೆ, ಅವನು ಹ್ಯಾಂಡ್ಲಿಂಗ್ ಪಂಡಿತ. "ರೇಸ್ ಕಾರು ಯಾಕೆ ಕೆಳಗಿರುತ್ತೆ ಹೇಳಿ?" ಅಂತ ಶುರು ಮಾಡುತ್ತಾನೆ. ರೇಸ್ ಕಾರಿನ ಕತೆ ಹೇಳುತ್ತೇನೆ ಕೇಳು ಮಾರಾಯ. ಫಾರ್ಮುಲಾ ಒನ್‌ನಲ್ಲಿ 1994ರಿಂದ ಕಾರಿನ ಹೊಟ್ಟೆಗೆ 10 ಮಿಲಿಮೀಟರ್ ದಪ್ಪದ ಹಲಗೆ ಕಡ್ಡಾಯ. ಕಾರನ್ನು ತೀರಾ ಕೆಳಗಿಟ್ಟು ಓಡಿಸಬಾರದು ಅಂತ. ಅದು 1 ಮಿಲಿಮೀಟರಿಗಿಂತ ಜಾಸ್ತಿ ಸವೆದರೆ ಆಟದಿಂದ ಔಟ್. ಅದೇ ವರ್ಷ ಬೆಲ್ಜಿಯಂನಲ್ಲಿ ಮೊದಲು ಬಂದ ಶುಮಾಕರ್ ಗೆಲುವು ಇದರಿಂದಲೇ ಹೋಯಿತು. 2023ರಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ ಹ್ಯಾಮಿಲ್ಟನ್, ಲೆಕ್ಲೆರ್ ಇಬ್ಬರೂ ಹಲಗೆ ಸವೆದದ್ದಕ್ಕೇ ಅನರ್ಹರಾದರು. ಎಷ್ಟು ಕೆಳಗಿಡಬೇಕು ಅಂತ ಹಗಲೂ ರಾತ್ರಿ ಕಂಪ್ಯೂಟರ್ ಮುಂದೆ ಕೂರುವವರೇ ಮಿಲಿಮೀಟರ್ ಲೆಕ್ಕದಲ್ಲಿ ಎಡವುತ್ತಾರೆ. ನೀನು ಕಣ್ಣಂದಾಜಲ್ಲಿ "ಇನ್ನೂ ಒಂಚೂರು ಇಳಿಸಣ್ಣ" ಅನ್ನುತ್ತೀಯ.

ಮಾಮೂಲಿ ಕಾರಿನ ಮುಂದಿನ ಸಸ್ಪೆನ್ಷನ್ ಹೆಚ್ಚಾಗಿ ಮ್ಯಾಕ್‌ಫರ್ಸನ್ ಸ್ಟ್ರಟ್: ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಎರಡೂ ಒಂದೇ ಕಂಬದಲ್ಲಿ, ಕೆಳಗೆ ಚಕ್ರವನ್ನು ಕಾರಿಗೆ ಜೋಡಿಸುವ ಒಂದು ತೋಳು, ಅದೇ ಲೋವರ್ ಆರ್ಮ್. ಅದನ್ನು ಬರೀ ಸ್ಪ್ರಿಂಗ್ ಬದಲಿಸಿ ತಗ್ಗಿಸಿದರೆ ಲೋವರ್ ಆರ್ಮ್‌ನ ಚಕ್ರದ ಕಡೆಯ ತುದಿ ಮೇಲಕ್ಕೆ ಏರುತ್ತದೆ. ತಿರುವಿನಲ್ಲಿ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ಬಿಂದು, ಅಂದರೆ ರೋಲ್ ಸೆಂಟರ್, ಕಾರಿನ ಭಾರದ ಕೇಂದ್ರಕ್ಕಿಂತ ಜಾಸ್ತಿ ಕೆಳಗೆ ಹೋಗುತ್ತದೆ. ಎರಡರ ನಡುವಿನ ಅಂತರ ಬೆಳೆಯುತ್ತದೆ. ಅಂದರೆ ವಾಲಿಸುವ ಬಲಕ್ಕೆ ಇನ್ನೂ ಉದ್ದದ ಸನ್ನೆಗೋಲು ಸಿಕ್ಕಿತು. ಸ್ಪ್ರಿಂಗ್ ಗಟ್ಟಿ ಇರುವುದರಿಂದ ನಿಮಗೆ ಗೊತ್ತಾಗುವುದಿಲ್ಲ ಅಷ್ಟೇ. ತಿರುವಿನ ಮಧ್ಯದಲ್ಲಿ ಉಬ್ಬು ಸಿಕ್ಕಿ, ಚಕ್ರಕ್ಕೆ ಹೋಗಲು ಜಾಗ ಇಲ್ಲದೆ, ಕಾರು ಇದ್ದಕ್ಕಿದ್ದಂತೆ ಒಂದು ಗೇಣು ಪಕ್ಕಕ್ಕೆ ಜಿಗಿದಾಗ ಗೊತ್ತಾಗುತ್ತದೆ. ಮತ್ತೆ ಅದೇ 50, ಅದೇ 10. ಎಲ್ಲಿ ಸುತ್ತಿದರೂ ಅಲ್ಲಿಗೇ ಬರುತ್ತೇನೆ, ಕ್ಷಮಿಸಿ.

ಹಾಕುವ ಕೆಲಸದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಒಂದೆರಡು ವಿಷಯ ಬಿಟ್ಟರೆ. ಸ್ಟ್ರಟ್‌ನಲ್ಲಿ ಸ್ಪ್ರಿಂಗ್ ಬಿಗಿಯಾಗಿ ಕುಗ್ಗಿ ಕೂತಿರುತ್ತದೆ. ಸ್ಪ್ರಿಂಗನ್ನು ಅದುಮಿ ಹಿಡಿಯುವ ಕಂಪ್ರೆಸರ್ ಹಾಕದೆ ಮೇಲಿನ ನಟ್ ಬಿಚ್ಚಿದರೆ ಅದು ಮುಖಕ್ಕೆ ಹಾರುತ್ತದೆ. ರೀಲ್ ನೋಡಿ ಮನೆಯಲ್ಲೇ ಕೂತು ಮಾಡುವ ಕೆಲಸ ಇದಲ್ಲ.

ಇನ್ನೊಂದು, ಎಷ್ಟೋ ಗ್ಯಾರೇಜಿನಲ್ಲೂ ತಪ್ಪುವ ಕೆಲಸ. ಲೋವರ್ ಆರ್ಮ್‌ನ ಬೋಲ್ಟನ್ನು ಚಕ್ರ ಗಾಳಿಯಲ್ಲಿ ನೇತಾಡುವಾಗ ಪೂರ್ತಿ ಬಿಗಿ ಮಾಡಬಾರದು. ಕಾರಿನ ಭಾರ ಚಕ್ರದ ಮೇಲೆ ಬಂದ ಮೇಲೆ ಬಿಗಿ ಮಾಡಬೇಕು. ಇಲ್ಲದಿದ್ದರೆ ಒಳಗಿನ ರಬ್ಬರ್ ಬುಷ್, ಒದ್ದೆ ಬಟ್ಟೆ ಹಿಂಡಿ ಹಾಗೇ ಹಿಡಿದಿಟ್ಟಂತೆ, ತಿರುಚಿಕೊಂಡೇ ಇರುತ್ತದೆ. ಬೇಗ ಹರಿಯುತ್ತದೆ. ಆಮೇಲೆ "ಸ್ಪ್ರಿಂಗ್ ಹಾಕಿದ ಮೇಲೆ ಕಟಕಟ ಸದ್ದು" ಅಂತ ಸ್ಪ್ರಿಂಗಿಗೆ ಬೈಗುಳ.

ಅಲೈನ್‌ಮೆಂಟ್ ಮಾಡಿಸದವರ ಟೈರನ್ನು ಹೊರಗಿನಿಂದ ನೋಡಬೇಡಿ, ಹೊಸದರ ಹಾಗೇ ಕಾಣುತ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ, ಬಗ್ಗಿ ಒಳ ಅಂಚಿಗೆ ಕೈ ಹಾಕಿ. ತಗ್ಗಿಸಿದಾಗ ಚಕ್ರದ ಮೇಲಿನ ತುದಿ ಒಳಕ್ಕೆ ವಾಲುತ್ತದೆ, ಜೊತೆಗೆ ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರ ನೇರ ಇದೆಯೋ ಒಳಕ್ಕೋ ಹೊರಕ್ಕೋ ತಿರುಗಿದೆಯೋ ಅನ್ನುವುದು, ಅದೂ ತಪ್ಪುತ್ತದೆ. ಒಳ ಅಂಚನ್ನು ನಿಜವಾಗಿ ತಿನ್ನುವುದು ಈ ಟೋ. ಟೈರಿನೊಳಗಿನ ತಂತಿ ಹೊರಬಂದು ಕೈಗೆ ಚುಚ್ಚಿದರೆ ನಿಮ್ಮ ಅದೃಷ್ಟ ಚೆನ್ನಾಗಿದೆ, ಟೈರ್ ಒಡೆಯುವ ಮೊದಲೇ ನೋಡಿದ್ದೀರಿ. ಮುಂದೆ ಹಿಂದೆ ಒಂದೇ ಅಳತೆಯಲ್ಲಿ ಇಳಿಯದಿದ್ದರೆ ಹೆಡ್‌ಲೈಟೂ ದಿಕ್ಕು ತಪ್ಪುತ್ತದೆ. ಕ್ಯಾಮೆರಾ, ರೇಡಾರ್ ಇರುವ ಹೊಸ ಕಾರಾದರೆ ಅವನ್ನೂ ಮತ್ತೆ ಹೊಂದಿಸಬೇಕಾಗಬಹುದು. ಇವು ಯಾವುದೂ "30 ಮಿಲಿಮೀಟರ್ ಅಷ್ಟೇ" ಅನ್ನುವುದರ ಒಳಗೆ ಬರುವುದಿಲ್ಲ.

ಇನ್ನು ದಿನಾ ಓಡಿಸುವ ವಿಷಯ. ಗ್ರೌಂಡ್ ಕ್ಲಿಯರೆನ್ಸ್ ಲೆಕ್ಕವೇ ಬೇಕು ಅನ್ನುವವರಿಗೆ ಅದನ್ನೂ ಕೊಡುತ್ತೇನೆ. ಮುಂದಿನ ಹಿಂದಿನ ಚಕ್ರಗಳ ನಡುವೆ 2600 ಮಿಲಿಮೀಟರ್ ಇರುವ ಕಾರು, ನಡುವೆ 165 ಕ್ಲಿಯರೆನ್ಸ್. ಹೊಟ್ಟೆ ತಾಗದೆ ದಾಟಬಹುದಾದ ಏಣಿನ, ಅಂದರೆ ಇಳಿಜಾರು ಶುರುವಾಗುವ ಅಂಚಿನ, ಕೋನ ಸುಮಾರು 14.5 ಡಿಗ್ರಿ. 135 ಆದಾಗ 12 ಡಿಗ್ರಿಗೂ ಕಡಿಮೆ. ನಾಲ್ಕು ಜನ ಕೂತು, ಡಿಕ್ಕಿ ತುಂಬಿಸಿ, ಇನ್ನೂ 30 ಕುಗ್ಗಿತು ಅಂದರೆ 9 ಡಿಗ್ರಿ ಚಿಲ್ಲರೆ. ನೆಲಮಾಳಿಗೆಯ ಪಾರ್ಕಿಂಗಿಗೆ ಇಳಿಯುವ ಕಡಿದಾದ ರ‍್ಯಾಂಪಿನ ತಲೆಯ ಮೇಲೆ ಈ ಲೆಕ್ಕ ತಾನಾಗಿಯೇ ಕೇಳಿಸುತ್ತದೆ. ಕರ್‌ರ್‌ರ್ ಅಂತ. ಹಲ್ಲು ಜುಮ್ಮೆನ್ನುತ್ತದೆ.

ಹಂಪ್ ದಾಟುವುದಕ್ಕೂ ಒಂದು ವಿದ್ಯೆ ಇದೆ. ಮೊದಲೇ ನಿಧಾನ ಮಾಡಿಕೊಳ್ಳಬೇಕು, ಹತ್ತುವ ಹೊತ್ತಿಗೆ ಬ್ರೇಕ್ ಬಿಟ್ಟಿರಬೇಕು. ಬ್ರೇಕ್ ಒತ್ತಿದಾಗ ಮೂತಿ ಕೆಳಗೆ ಬಾಗುತ್ತದೆ, ಬಿಟ್ಟರೆ ಏಳುತ್ತದೆ. ಆ ಎದ್ದ ಗಳಿಗೆಯಲ್ಲಿ ಮುಂದಿನ ಚಕ್ರ ಹಂಪ್ ಮುಟ್ಟಬೇಕು. ಆಮೇಲೆ ಓರೆಯಾಗಿ, ಒಂದೊಂದೇ ಚಕ್ರ. ಹಿಂದಿನವನು ಹಾರ್ನ್ ಹೊಡೆಯುತ್ತಾನೆ, ಹೊಡೆಯಲಿ. ಅವನ ಸೈಲೆನ್ಸರ್ ಕಿತ್ತು ಬರುವುದಿಲ್ಲವಲ್ಲ. ಪಕ್ಕದಲ್ಲಿ ಕೂತವರು "ಯಾಕೆ ಹೀಗೆ ಹಾವಿನ ಥರ ಹೋಗ್ತಿದ್ದೀಯ?" ಅಂತ ಕೇಳುತ್ತಾರೆ. ಉತ್ತರ ಕೊಡಲು ನನಗೆ ಪುರುಸೊತ್ತಿರುವುದಿಲ್ಲ, ಕಿವಿ ಪೂರ್ತಿ ಕೆಳಗಿರುತ್ತದೆ.

ಪಂಕ್ಚರ್ ಆದಾಗ ನೋಡಬೇಕು ಮಜಾ. ಮೊದಲೇ ಗಿಡ್ಡ, ಮೇಲೆ ಗಾಳಿ ಹೋದ ಟೈರು. ಗ್ಯಾರೇಜಿನವನ ಟ್ರಾಲಿ ಜಾಕ್ ಅಡಿಯಲ್ಲಿ ಹೋಗುವುದೇ ಇಲ್ಲ. ಒಂದು ಮರದ ಹಲಗೆ ಇಟ್ಟು, ಚಕ್ರವನ್ನು ಅದರ ಮೇಲೆ ಹತ್ತಿಸಿ, ಆಮೇಲೆ ಜಾಕ್ ತೂರಿಸಬೇಕು. ಆ ಹಲಗೆ ನನ್ನ ಡಿಕ್ಕಿಯಲ್ಲಿ ಕಾಯಂ ಇದೆ. ನೋಡಿದವರೆಲ್ಲ ಏನಿದು ಅಂತ ಕೇಳುತ್ತಾರೆ. ನಾನು ಫಾರ್ಮುಲಾ ಒನ್ ನಿಯಮ ಅನ್ನುತ್ತೇನೆ.

ಇಷ್ಟೆಲ್ಲ ಗೋಳು ಇದ್ದರೆ ತೆಗೆಸಿಬಿಡು ಅನ್ನುತ್ತೀರಾ? ತೆಗೆಸುವುದಿಲ್ಲ. ಯಾಕೆ ಅಂದರೆ ನಿಜ ಹೇಳುತ್ತೇನೆ, ನಗಬೇಡಿ. ಗಾಜಿನ ಗೋಡೆಯ ಕಟ್ಟಡಗಳ ಪಕ್ಕ ಹೋಗುವಾಗ ನಾನು ರಸ್ತೆ ನೋಡುವುದಿಲ್ಲ, ಗಾಜಿನಲ್ಲಿ ನನ್ನ ಕಾರು ನೋಡುತ್ತೇನೆ. ಚಕ್ರ ಫೆಂಡರಿನೊಳಗೆ ಸರಿಯಾಗಿ ಕೂತಿದೆ, ಇಡೀ ಕಾರು ನೆಲ ಕಚ್ಚಿ ಓಡುತ್ತಿದೆ. ಅಷ್ಟು ಸಾಕು ನನಗೆ. ಸೊಗಸಿಗೆ ಅಂತ ಹಾಕಿಸಿದ್ದು, ಸೊಗಸಾಗಿದೆ. ಹ್ಯಾಂಡ್ಲಿಂಗ್, ಮೈಲೇಜ್, ಸೇಫ್ಟಿ ಅಂತ ಬಣ್ಣ ಕಟ್ಟುವ ಅಗತ್ಯ ನನಗಿಲ್ಲ. ನಮ್ಮ ಮನೆಯವರಿಗೂ ಹಾಗೇ ಹೇಳಿದ್ದೇನೆ. ಅವರು ಏನಂದರು ಅಂತ ಇಲ್ಲಿ ಬರೆಯಲಾಗುವುದಿಲ್ಲ.

ಆ ರೀಲ್ ಮಾಡಿದವನೂ ಇಷ್ಟು ಹೇಳಿದ್ದರೆ ಸಾಕಿತ್ತು. "ಚೆಂದ ಕಾಣುತ್ತೆ, ಕುಂಡೆ ನೋಯುತ್ತೆ, ಶಾಕ್ ಅಬ್ಸಾರ್ಬರ್ ಬೇಗ ಹೋಗಬಹುದು, ದುಡ್ಡಿದ್ದರೆ ಈ ಸ್ಪ್ರಿಂಗಿಗೆ ಹೊಂದುವ ಗಿಡ್ಡ ಶಾಕ್ ಅಬ್ಸಾರ್ಬರೂ ಹಾಕಿಸಿ." ನಾಲ್ಕು ಮಾತು. ನಾನು ಲೈಕ್ ಒತ್ತಿ ಮಲಗುತ್ತಿದ್ದೆ.

ಹಳೇ ಸ್ಪ್ರಿಂಗನ್ನೇ ಗ್ರೈಂಡರಲ್ಲಿ ಕತ್ತರಿಸಿ ಇಳಿಸುವವರ ಬಗ್ಗೆ ಮಾತಾಡಿದರೆ ನನ್ನ ಬಿಪಿ ಏರುತ್ತದೆ. ಚಕ್ರ ಪೂರ್ತಿ ಕೆಳಗೆ ಜೋತಾಗ ಆ ತುಂಡು ಸ್ಪ್ರಿಂಗ್ ಜಾಗ ಬಿಟ್ಟು ಸಡಿಲವಾಗುತ್ತದೆ, ಮತ್ತೆ ಸರಿಯಾಗಿ ಕೂರುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಅಂಥವರು ನನ್ನ ಪಟ್ಟಿಯಲ್ಲಿ ಇದ್ದರೆ ದಯವಿಟ್ಟು ನೀವೇ ಅನ್‌ಫ್ರೆಂಡ್ ಮಾಡಿಕೊಳ್ಳಿ.

ಈಗ "ಏರ್ ಸಸ್ಪೆನ್ಷನ್ ಹಾಕಿಸಿಬಿಡು, ಬಟನ್ ಒತ್ತಿದರೆ ಏರುತ್ತೆ" ಅಂತ ಬರೆಯಲು ಹೊರಟವರಿಗೆ. ಗೊತ್ತಪ್ಪ, ಸ್ಪ್ರಿಂಗ್ ಬದಲು ಗಾಳಿ ಚೀಲ. ಬೇಕಾದಾಗ ಏರಿಸಿ ಇಳಿಸುವ ಆಸೆ ಇವತ್ತಿನದಲ್ಲ. 1955ರ ಸಿಟ್ರೊಯೆನ್ ಡಿಎಸ್‌ನಲ್ಲೇ ಒಂದು ಲಿವರ್ ಸರಿಸಿದರೆ ಕಾರು ಎತ್ತರವಾಗುತ್ತಿತ್ತು. ಕ್ಯಾಲಿಫೋರ್ನಿಯಾದಲ್ಲಿ 1958ರಲ್ಲಿ, ಕಾರಿನ ಯಾವ ಭಾಗವೂ ಚಕ್ರದ ರಿಮ್ಮಿನ ಕೆಳ ಅಂಚಿಗಿಂತ ಕೆಳಗಿರುವಂತೆ ಮಾರ್ಪಾಡು ಮಾಡಬಾರದು ಅಂತ ಕಾನೂನು ಬಂತು. ಅಲ್ಲಿನ ಹುಡುಗರು ವಿಮಾನದ ಹೈಡ್ರಾಲಿಕ್ ಪಂಪ್ ತಂದು ಕಾರಿಗೆ ಕೂರಿಸಿದರು. ಪೊಲೀಸ್ ಕಂಡರೆ ಮೇಲೆ, ಹೋದ ಮೇಲೆ ಕೆಳಗೆ. ಅವರ ತಲೆಗೆ ನನ್ನ ನಮಸ್ಕಾರ. ಆದರೆ ಕಂಪ್ರೆಸರು, ಟ್ಯಾಂಕು, ವಾಲ್ವು, ಅಡಿಯಲ್ಲೆಲ್ಲ ಪೈಪು, ಅದರಲ್ಲಿ ಎಲ್ಲೋ ಒಂದು ಸಣ್ಣ ಲೀಕು, ಅದನ್ನು ಸೋಪು ನೀರು ಹಾಕಿ ಹುಡುಕುತ್ತಾ ಕೂರುವ ಭಾನುವಾರ ನನಗೆ ಬೇಡ. ಟ್ಯಾಂಕ್ ಕೂರಿಸಿದರೆ ಡಿಕ್ಕಿಯಲ್ಲಿ ಹಲಗೆಗೂ ಜಾಗ ಇರುವುದಿಲ್ಲ.