ಇಂಜೆಕ್ಷನ್ ಹಾಕಿ ಕೊಡ್ತೀರಿ, ಟ್ಯಾಂಕ್ ಯಾರಪ್ಪ ನೋಡೋದು?

ಹೊಟ್ಟೆ ಉರಿಯೋದು ಇದಕ್ಕೇ. ಹಳೇ ಪದ್ಮಿನಿಗೋ ಅಂಬಾಸಿಡರಿಗೋ ಕಾರ್ಬುರೇಟರ್ ಕಿತ್ತು ಇಂಜೆಕ್ಷನ್ (ಪಂಪಿನ ಒತ್ತಡದಲ್ಲಿ ಇಂಜಿನ್ನಿಗೆ ಪೆಟ್ರೋಲ್ ಚಿಮುಕಿಸುವ ವ್ಯವಸ್ಥೆ) ಹಾಕಿ ಕೊಡ್ತೇವೆ ಅಂತ ಗ್ಯಾರೇಜಿನವರು ಕೈತುಂಬ ದುಡ್ಡು ತಗೊಳ್ತಾರೆ. ಬಾನೆಟ್ ಎತ್ತಿದರೆ ಇಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ಫಳಫಳ, ಇಂಜೆಕ್ಷನ್ ನಡೆಸುವ ಕಂಪ್ಯೂಟರ್ ಇಸಿಯು ಹೊಸದು, ವೈರಿಂಗಿಗೆ ಚಂದದ ಟೇಪು. ಹಿಂದೆ ಹೋಗಿ ಬಗ್ಗಿ ನೋಡಿ. ಅದೇ ಓಬೀರಾಯನ ಕಾಲದ ಟ್ಯಾಂಕು, ಪೆಟ್ರೋಲ್ ಎಳೆಯುವ ಅದೇ ಪಿಕಪ್ ಪೈಪು, ಅದಕ್ಕೆ ಸಿಕ್ಕಿಸಿದ ಹೆಸರಿಲ್ಲದ ಕಪ್ಪು ರಬ್ಬರ್ ಪೈಪು, ಬಾಡಿ ಅಡಿಗೆ ಟೈ ಹಾಕಿ ಕಟ್ಟಿದ ಒಂದು ಪಂಪು. ಕೇಳಿದರೆ "ಟ್ಯಾಂಕಿಗೆ ಎಂತ ಆಗಿದೆ ಸರ್, ಸೋರ್ತಾ ಇಲ್ವಲ್ಲ" ಅನ್ನೋ ಉತ್ತರ.

ಸೋರದಿದ್ದರೆ ಸಾಕಾ ಮಾರಾಯ್ರೇ? ಕಾರ್ಬುರೇಟರಿಗೆ ಬೇಕಿದ್ದ ಒತ್ತಡ 3-4 ಪಿಎಸ್‌ಐ. ಇಂಜಿನ್ನಿನ ಡಯಾಫ್ರಾಮ್ ಪಂಪು ಅಷ್ಟನ್ನು ಆರಾಮಾಗಿ ಕೊಡ್ತಿತ್ತು. ನಡುವೆ ಎರಡು ಸೆಕೆಂಡು ಗಾಳಿ ಎಳೆದರೂ ಕಾರ್ಬುರೇಟರಿನ ಪುಟ್ಟ ಬಟ್ಟಲು, ಅದೇ ಫ್ಲೋಟ್ ಬೌಲಿನಲ್ಲಿದ್ದ ಪೆಟ್ರೋಲು ಗಾಡಿಯನ್ನು ಕಾಯ್ತಿತ್ತು. ಇಂಜೆಕ್ಷನ್ನಿಗೆ ಆ ಬೌಲೇ ಇಲ್ಲ. ಇಂಜೆಕ್ಟರಿಗೆ ಪೆಟ್ರೋಲ್ ಒಯ್ಯುವ ಪೈಪು, ಅದೇ ರೈಲು; ಅದರಲ್ಲಿ ಸಾಮಾನ್ಯವಾಗಿ 3 ಬಾರ್, ಅಂದರೆ ಸುಮಾರು 43 ಪಿಎಸ್‌ಐ ಸದಾ ನಿಂತಿರಬೇಕು. ಪಂಪು ಒಂದು ಗುಟುಕು ಗಾಳಿ ನುಂಗಿತೋ, ಪ್ರೆಶರ್ ಬಿತ್ತು, ಇಂಜಿನ್ ಮುಗ್ಗರಿಸಿತು.

ಕಾರವಾರದ ಪೇಟೆಯಲ್ಲಿ ಟ್ಯಾಂಕ್ ತುಂಬಿಸಿಕೊಂಡು ಒಂದು ರೌಂಡ್ ಹೊಡೆದು "ಟ್ರಯಲ್ ಆಯ್ತು" ಅಂತಾರಲ್ಲ, ಅದರಲ್ಲಿ ಇದೆಲ್ಲ ಎಲ್ಲಿ ಗೊತ್ತಾಗಬೇಕು? ಕಾಲು ಟ್ಯಾಂಕ್ ಪೆಟ್ರೋಲಿನಲ್ಲಿ ದೇವಿಮನೆ ಘಟ್ಟ ಹತ್ತಿಸಿ ನೋಡಲಿ. ಹಳೇ ಟ್ಯಾಂಕುಗಳ ಒಳಗೆ ಪೆಟ್ರೋಲಿನ ಓಟ ತಡೆಯುವ ಅಡ್ಡತಗಡು, ಅದೇ ಬ್ಯಾಫಲ್, ಇದ್ದರೂ ಹೆಸರಿಗಷ್ಟೆ. ಏರಿನ ತಿರುವಿನಲ್ಲಿ ಪೆಟ್ರೋಲು ಒಂದು ಮೂಲೆಗೆ ಓಡುತ್ತೆ, ಪಿಕಪ್ ಪೈಪು ಇನ್ನೊಂದು ಕಡೆ ಒಣಗಿ ನಿಲ್ಲುತ್ತೆ. ಹಿಂದೆ ಲಾರಿ ಹಾರ್ನ್ ಹೊಡೀತಿರುವಾಗ ನಡುರಸ್ತೆಯಲ್ಲಿ ಗಾಡಿ ಬಂದ್. ವಾಪಸ್ ಗ್ಯಾರೇಜಿಗೆ ಹೋದರೆ "ಪೆಟ್ರೋಲ್ ಸರಿ ಇಲ್ಲ", ಆಮೇಲೆ "ಸೆನ್ಸರ್ ಹೋಗಿದೆ". ಒಂದೊಂದೇ ಸೆನ್ಸರ್ ಬದಲಿಸಿ ಬಿಲ್ ಬೆಳೆಸ್ತಾರೆ ಹೊರತು, ಒಬ್ಬನೂ ಬಗ್ಗಿ ಟ್ಯಾಂಕ್ ನೋಡಲ್ಲ.

ಆ ಹೊರಗಿನ ಪಂಪಿನ ಕಥೆಯೂ ಅಷ್ಟೆ. ಹೈ ಪ್ರೆಶರ್ ಪಂಪು ತಳ್ಳುತ್ತೆ, ಎಳೆಯೋದರಲ್ಲಿ ಅದು ಬಡವ. ಟ್ಯಾಂಕಿನ ತಳಕ್ಕಿಂತ ಕೆಳಗೆ, ಟ್ಯಾಂಕಿಗೆ ಹತ್ತಿರ ಇಡಬೇಕು, ಪೆಟ್ರೋಲು ತಾನಾಗಿ ಅದಕ್ಕೆ ಇಳಿದು ಬರಬೇಕು. ಇವರು ಜಾಗ ಸಿಕ್ಕಿತು ಅಂತ ಸೈಲೆನ್ಸರ್ ಪಕ್ಕ ಎತ್ತರದಲ್ಲಿ ಕಟ್ತಾರೆ. ಅದರ ಮೇಲೆ ಪಂಪಿಗಿಂತ ಮೊದಲು 10 ಮೈಕ್ರಾನಿನ, ಅಂದರೆ ಬಲು ಸಣ್ಣ ಕಣ್ಣಿನ ಫಿಲ್ಟರ್ ಬೇರೆ! ಪಂಪಿನ ಮುಂಚೆ ಇರಬೇಕಾದದ್ದು 100 ಮೈಕ್ರಾನಿನ ಒರಟು ಜಾಲರಿ. 10 ಮೈಕ್ರಾನ್ ಪಂಪಿನ ನಂತರ. ತಿರುಗಾಮುರುಗಾ ಹಾಕಿದರೆ ಪಂಪು ಎಳೆಯಲಾಗದೆ ಒಳಗೇ ಆವಿ ಏಳುತ್ತೆ, ಪಂಪು ಕಿರುಚುತ್ತೆ. ಪೆಟ್ರೋಲೇ ಅದಕ್ಕೆ ಕೂಲಿಂಗು, ಪೆಟ್ರೋಲೇ ಆಯಿಲು. ಎರಡೂ ಸಿಗದೆ ಅದು ಸುಟ್ಟು ಹೋಗುತ್ತೆ.

ಸರಿಯಾದ ದಾರಿ ಗುಟ್ಟಿನದ್ದಲ್ಲ. ಇಂಜೆಕ್ಷನ್ ಇರುವ ಯಾವುದಾದರೂ ಸಣ್ಣ ಕಾರಿನ ಪಂಪ್ ಮಾಡ್ಯೂಲನ್ನು (ಪಂಪು, ಜಾಲರಿ ಎಲ್ಲ ಸೇರಿದ ಒಂದೇ ಜೋಡಣೆ) ಟ್ಯಾಂಕಿನ ಒಳಗೇ ಇಳಿಸೋದು. ಆ ಮಾಡ್ಯೂಲಿನ ತಳದಲ್ಲಿ ಒಂದು ಪ್ಲಾಸ್ಟಿಕ್ ಬಕೆಟ್ ಇರುತ್ತೆ, ಟ್ಯಾಂಕಿನ ಪೆಟ್ರೋಲು ಎತ್ತ ವಾಲಿದರೂ ಬಕೆಟ್ ತುಂಬಿರುತ್ತೆ, ಪಂಪು ಅದರೊಳಗೆ ಮುಳುಗಿರುತ್ತೆ. ಕೊಳ್ಳುವ ಮೊದಲು ಟ್ಯಾಂಕಿನ ಒಳ ಆಳ ಅಳೆಯಿರಿ; ಜಾಲರಿ ತಳದಿಂದ 5 ಮಿಮೀ ಆಚೀಚೆ ನಿಲ್ಲಬೇಕು. ಮೇಲೆ ಮಾಡ್ಯೂಲಿನ ಅಳತೆಗೆ ತೂತು ಕೊರೆದು ದಪ್ಪ ಉಕ್ಕಿನ ರಿಂಗ್ ಬೆಸೆಯಬೇಕು. ಬೋಲ್ಟಿನ ತೂತು ಆರಪಾರ ಹೋಗಬಾರದು, ಹೋದರೆ ಥ್ರೆಡ್ಡಿನಲ್ಲೇ ಪೆಟ್ರೋಲ್ ವಾಸನೆ ಏರುತ್ತೆ. ಗ್ಯಾಸ್ಕೆಟ್ ಎಥನಾಲ್ ತಡೆಯುವ ವೈಟಾನ್ ರಬ್ಬರಿನದೇ ಆಗಬೇಕು, ಬಂಕಿನಲ್ಲಿ ಈಗ ಸಿಗೋದು 20 ಶೇಕಡಾ ಎಥನಾಲ್ ಬೆರೆತ ಇ20. ಒತ್ತಡ ಕಾಯುವ ರೆಗ್ಯುಲೇಟರ್ ಒಳಗೇ ಇರುವ ಮಾಡ್ಯೂಲ್ ಸಿಕ್ಕಿದರೆ ಇಂಜಿನ್ ತನಕ ಒಂದೇ ಲೈನ್ ಸಾಕು, ಬಿಸಿ ಪೆಟ್ರೋಲು ವಾಪಸ್ ಬರುವ ತಂಟೆ ಇಲ್ಲ. ಅದು ಎಷ್ಟು ಬಾರಿನದು ಅಂತ ಮಾತ್ರ ನೋಡಿ, ಕೆಲವು ಥ್ರಾಟಲ್ ಬಾಡಿ ಕಿಟ್ಟುಗಳು 4 ಬಾರ್ ಕೇಳ್ತವೆ. ಹಳೇ ಗೇಜಿನ ಫ್ಲೋಟ್ ಯೂನಿಟ್ ಹಾಗೇ ಇರಲಿ, ಹೊಸದರ ರೆಸಿಸ್ಟೆನ್ಸ್ ಹಳೇ ಮೀಟರಿಗೆ ಹೊಂದಲ್ಲ.

ಮೂಲ ಟ್ಯಾಂಕ್ ಕೊರೆಯೋಕೆ ಮನಸ್ಸಿಲ್ಲ ಅನ್ನೋರ ಮಾತೂ ನ್ಯಾಯವೇ. ಅವರಿಗೆ 1-2 ಲೀಟರಿನ ಸರ್ಜ್ ಟ್ಯಾಂಕ್, ಅಂದರೆ ನಡುವೆ ಕೂರಿಸುವ ಪುಟ್ಟ ಟ್ಯಾಂಕ್ ಇದೆ. ಲೋ ಪ್ರೆಶರ್ ಪಂಪು ಅದನ್ನು ತುಂಬಿಸುತ್ತೆ, ಹೈ ಪ್ರೆಶರ್ ಪಂಪು ಅದರ ತಳದಿಂದ ಎಳೆಯುತ್ತೆ, ಇಂಜಿನ್ ಬಳಸದೆ ಮಿಕ್ಕ ಪೆಟ್ರೋಲು ಅದಕ್ಕೇ ವಾಪಸ್ ಬರುತ್ತೆ, ಉಕ್ಕಿದ್ದು ಮೇಲಿನ ಪೈಪಿನಿಂದ ದೊಡ್ಡ ಟ್ಯಾಂಕಿಗೆ. ಡಿಕ್ಕಿಯ ಒಳಗೆ ಮಾತ್ರ ಇದನ್ನು ಕೂರಿಸಬೇಡಿ.

ಇನ್ನೊಂದು ಶೋಕಿ, ಗಂಟೆಗೆ 255 ಲೀಟರ್ ತಳ್ಳುವ ರೇಸಿಂಗ್ ಪಂಪು. 40 ಎಚ್‌ಪಿಯ ಇಂಜಿನ್ನು ಪೂರ್ತಿ ಎಕ್ಸಲರೇಟರ್ ಒತ್ತಿದರೂ ಗಂಟೆಗೆ ಕುಡಿಯೋದು 12-15 ಲೀಟರು. ಉಳಿದದ್ದೆಲ್ಲ ಸುತ್ತು ಹೊಡೆದು ಟ್ಯಾಂಕಿನ ಪೆಟ್ರೋಲನ್ನು ಬಿಸಿ ಮಾಡುತ್ತೆ. ಸಣ್ಣ ಕಾರಿನ 80-100 ಲೀಟರಿನ ಪಂಪು ಧಾರಾಳ ಆಯ್ತು.

ಉಪ್ಪುಗಾಳಿಯ ಊರಲ್ಲಿದ್ದುಕೊಂಡು ತುಕ್ಕಿನ ಬಗ್ಗೆ ಈ ಅಸಡ್ಡೆ ಸಹಿಸೋಕೆ ಆಗಲ್ಲ. ಟ್ಯಾಂಕ್ ಹಿಡಿದಿರುವ ಪಟ್ಟಿ ಬಿಚ್ಚಿ ಒಮ್ಮೆ ನೋಡಿ. ಪಟ್ಟಿಯ ಅಡಿಯ ರಬ್ಬರ್ ಇಡೀ ಮಳೆಗಾಲ ಉಪ್ಪುನೀರು ಹೀರಿ ಕೂತಿರುತ್ತೆ. ಮೇಲಿನ ಪೇಂಟ್ ಗಟ್ಟಿ ಕಾಣುತ್ತೆ. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದರೆ ಪೇಂಟ್ ಒಳಗೆ ಕುಸಿದು ಕಂದು ಪುಡಿ ಉದುರುತ್ತೆ, ಸೂಜಿಮೊನೆಯಷ್ಟು ತೂತು ಕಾಣುತ್ತೆ. ಒಳಗಿನ ತುಕ್ಕಿನ ಪುಡಿ ಕಾರ್ಬುರೇಟರಿಗೆ ಹೋದರೆ ಜೆಟ್ ಬಿಚ್ಚಿ ಊದಿದರೆ ಮುಗೀತು. ಇಂಜೆಕ್ಟರಿಗೆ ಹೋದರೆ ಊದಿದರೆ ಬರಲ್ಲ. ನೀರಿನದ್ದೂ ಅದೇ ಗತಿ. ಕ್ಯಾಪಿನ ಗ್ಯಾಸ್ಕೆಟ್ ಸತ್ತಿದ್ದರೆ ಮಳೆನೀರು ನೇರ ಒಳಗೆ. ಎಥನಾಲ್ ಒಂದು ಹಂತದವರೆಗೆ ಅದನ್ನು ಹೀರಿಕೊಂಡು, ಆಮೇಲೆ ನೀರಿನ ಸಮೇತ ತಳಕ್ಕೆ ಇಳಿಯುತ್ತೆ. ಪಂಪು ಕೂತಿರೋದೂ ಅಲ್ಲೇ.

ಟ್ಯಾಂಕ್ ಇಳಿಸಿ, ಫಾಸ್ಫಾರಿಕ್ ಆಸಿಡ್ ಹಾಕಿ ತುಕ್ಕು ತೆಗೆದು, ತೊಳೆದು, ಪೂರ್ತಿ ಒಣಗಿಸಿ, ಆಮೇಲೇ ಎಥನಾಲ್ ತಡೆಯುವ ಸೀಲರ್. ಒದ್ದೆಯ ಮೇಲೆ ಸೀಲರ್ ಸುರಿದವರ ಟ್ಯಾಂಕಿನಲ್ಲಿ ಅದು ಹಪ್ಪಳದ ಹಾಗೆ ಎದ್ದು ಜಾಲರಿಗೆ ಮೆತ್ತಿಕೊಳ್ಳುತ್ತೆ. ಹೊಸ ಟ್ಯಾಂಕ್ ಮಾಡಿಸೋದಾದರೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಅಂತ ಹಿಗ್ಗಬೇಡಿ, ಕಡಲ ಹತ್ತಿರ ಪಟ್ಟಿಯ ಸಂದಿಯಲ್ಲಿ ಅದೂ ಗುಳಿ ಬೀಳುತ್ತೆ, 316 ಮೇಲು. ಅಲ್ಯುಮಿನಿಯಂ ಆದರೆ ಉಕ್ಕಿನ ಪಟ್ಟಿ ನೇರ ತಾಗಬಾರದು.

ವೆಲ್ಡಿಂಗ್ ವಿಷಯಕ್ಕಂತೂ ಸಿಟ್ಟು ನೆತ್ತಿಗೇರುತ್ತೆ. "ಪೆಟ್ರೋಲ್ ಖಾಲಿ ಮಾಡಿದ್ದೇವೆ" ಅಂತ ಟ್ಯಾಂಕಿಗೆ ಬೆಂಕಿ ಹಿಡಿಯೋರು ಇದ್ದಾರೆ. ಗಾಳಿಯಲ್ಲಿ 1.4 ಶೇಕಡಾ ಪೆಟ್ರೋಲ್ ಆವಿ ಇದ್ದರೆ ಸಾಕು, ಸಿಡಿಯುತ್ತೆ. ಖಾಲಿ ಟ್ಯಾಂಕೇ ತುಂಬಿದ್ದಕ್ಕಿಂತ ಅಪಾಯ. ಬಿಸಿ ನೀರು, ಸೋಪು ಹಾಕಿ ಹಲವು ಸಲ ತೊಳೆದು, ಬೆಸೆಯುವ ಜಾಗದ ಹತ್ತಿರದವರೆಗೆ ನೀರು ತುಂಬಿಸಿ, ಉಳಿದ ಜಾಗಕ್ಕೆ ಉರಿಯದ ಆರ್ಗಾನ್ ಅನಿಲ ಬಿಡಬೇಕು. ಸೀಸ-ತವರ ಲೇಪದ ಹಳೇ ತಗಡಾದರೆ ಬೆಸೆಯುವಲ್ಲಿ ಲೇಪ ಕೆರೆದು ತೆಗೆಯಬೇಕು, ಆ ಹೊಗೆ ವಿಷ. ನಮ್ಮ ಹುಡುಗರ ಜೀವ ಅಷ್ಟು ಅಗ್ಗವಾ?

ಪೈಪಿನ ಮೇಲೆ ಎಸ್‌ಎಇ ಜೆ30ಆರ್9 ಅಂತ ಇಂಜೆಕ್ಷನ್ ದರ್ಜೆಯ ಗುರುತು ಅಚ್ಚಾಗಿರಬೇಕು, ಟ್ಯಾಂಕಿನೊಳಗೆ ಮುಳುಗುವ ತುಂಡಿನ ಮೇಲೆ ಆರ್10. ಮಾಮೂಲಿ ಪೈಪಿನ ಹೊರಮೈ ಪೆಟ್ರೋಲಿನಲ್ಲಿ ಮುಳುಗಿದರೆ ಮೆತ್ತಗಾಗಿ ಹೋಗುತ್ತೆ. ಪೈಪ್ ಕೊಯ್ಯುವ ಹಲ್ಲಿನ ಕ್ಲಿಪ್ ಬೇಡ, ಇಂಜೆಕ್ಷನ್ ಕ್ಲ್ಯಾಂಪ್ ಹಾಕಿ. ಪಂಪಿಗೆ 2.5 ಚದರ ಮಿಮೀ ವೈರು, ರಿಲೇ, 15 ಆಂಪ್ ಫ್ಯೂಸ್, ಗಾಡಿಯ ಬಾಡಿಗೆ ನೇರ ಅರ್ಥಿಂಗ್. ಡೈನಮೋ ಇರುವ ಗಾಡಿಗೆ ಮೊದಲು ಆಲ್ಟರ್ನೇಟರ್. ಮಳೆಯಲ್ಲಿ ಲೈಟು, ವೈಪರು ಹಾಕಿದ ಮೇಲೆ ಪಂಪಿಗೆ ಕರೆಂಟ್ ಎಲ್ಲಿಂದ ಬರಬೇಕು?

ದುಡ್ಡು ಎಣಿಸಿ ಕೊಡುವ ಮೊದಲು ನಿಮ್ಮ ಕಣ್ಣೆದುರು ಇಷ್ಟು ಮಾಡಿಸಿ. ಟ್ಯಾಂಕಿಗೆ 2 ಪಿಎಸ್‌ಐ ಗಾಳಿ ಬಿಟ್ಟು ರಿಂಗಿಗೆ, ಬೆಸುಗೆಯ ಹೊಲಿಗೆಗೆ ಸೋಪುನೀರು ಹಚ್ಚಿ ಸೋರಿಕೆ ನೋಡಿ. 2 ದಾಟಿಸಬೇಡಿ, ಹಳೇ ತಗಡು ಉಬ್ಬುತ್ತೆ. ಇಂಜಿನ್ ಓಡುವಾಗ ಪಂಪಿನ ಕನೆಕ್ಟರಿನಲ್ಲಿ ವೋಲ್ಟ್ ನೋಡಿ, ಬ್ಯಾಟರಿಯ ವೋಲ್ಟಿಗಿಂತ ಅರ್ಧ ವೋಲ್ಟನ್ನು ಮೀರಿ ಇಳಿದಿರಬಾರದು. ರೈಲಿಗೆ ಗೇಜ್ ಕಟ್ಟಿ, ಕಾಲು ಟ್ಯಾಂಕಿನಲ್ಲಿ, ಮೆಕ್ಯಾನಿಕ್ಕನ್ನು ಪಕ್ಕದಲ್ಲಿ ಕೂರಿಸಿಕೊಂಡು ದೇವಿಮನೆ ಘಟ್ಟವೋ ಅರಬೈಲು ಘಟ್ಟವೋ ಹತ್ತಿಸಿ. ತಿರುವಿನಲ್ಲಿ ಮುಳ್ಳು ಅಲುಗಿತೋ, ಗಾಡಿ ಅಲ್ಲಿಂದಲೇ ವಾಪಸ್ ಗ್ಯಾರೇಜಿಗೆ, ಬಾಕಿ ದುಡ್ಡು ನಿಮ್ಮ ಜೇಬಿನಲ್ಲೇ.