ದುಃಖಕ್ಕೊಂದು ದೃಢೀಕರಣ ಪತ್ರ

ಶಿವಮೊಗ್ಗದ ದುರ್ಗಿಗುಡಿಯ ಆಸುಪಾಸಿನ ಒಂದು ಹೋಟೆಲಿನ ಮೂಲೆಯ ಮೇಜಿನಲ್ಲಿ ಕಳೆದ ಮಳೆಗಾಲದಿಂದ ಒಂದು ವಿಚಾರಣೆ ನಡೆಯುತ್ತಿದೆ. ಆರೋಪಿಯ ಹೆಸರು ಜೋ ಬೊನಮಾಸ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ನ್ಯೂ ಹಾರ್ಟ್‌ಫರ್ಡಿನಲ್ಲಿ 1977ರ ಮೇ 8ರಂದು ಹುಟ್ಟಿದ ಈ ಬ್ಲೂಸ್-ರಾಕ್ ಗಿಟಾರ್ ವಾದಕರಿಗೆ, ತುಂಗೆಯ ದಡದ ಊರೊಂದರಲ್ಲಿ ತಮ್ಮ ಮೇಲೆ ಇಂಥದೊಂದು ಮೊಕದ್ದಮೆ ಹೂಡಲಾಗಿದೆ ಎಂಬ ಸುಳಿವೂ ಇರಲಾರದು. ಅವರಿಗೆ ನೋಟಿಸು ಹೋಗಿಲ್ಲ, ಅವರ ಪರವಾಗಿ ವಕಾಲತ್ತು ಹಾಕಿದವರಿಲ್ಲ. ಆದರೂ ವಾರದಲ್ಲಿ ಮೂರು ಸಂಜೆ, ಎರಡನೇ ಕಾಫಿಯ ಹೊತ್ತಿಗೆ, ತೀರ್ಪು ತಪ್ಪದೆ ಹೊರಬೀಳುತ್ತದೆ. ಪೀಠದಲ್ಲಿ ಕುಳಿತ ಮೂವರೂ ಅವರ ವಿರೋಧಿಗಳಾಗಿದ್ದರೆ ಇದರಲ್ಲಿ ಬರೆಯುವಂಥದ್ದೇನೂ ಇರಲಿಲ್ಲ. ಮೂವರೂ ಅವರ ಅಭಿಮಾನಿಗಳು.

ಪೀಠದ ಹಿರಿಯರು ಬ್ಯಾಂಕಿನಿಂದ ನಿವೃತ್ತರಾದವರು. ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾಗ ಕೊಂಡ ಬ್ಲೂಸ್ ಕ್ಯಾಸೆಟ್ಟುಗಳನ್ನು ಅವರು ಇಂದಿಗೂ ಕಬ್ಬಿಣದ ಬೀರುವಿನಲ್ಲಿ ಮನೆಯ ಕ್ರಯಪತ್ರದ ಪಕ್ಕದಲ್ಲೇ ಜೋಪಾನವಾಗಿ ಇಟ್ಟಿದ್ದಾರೆ. ಅವನ್ನು ಹಾಕಿ ಕೇಳುವ ಯಂತ್ರ ಕೆಟ್ಟು ಎಷ್ಟೋ ವರ್ಷಗಳಾದವು. ಎರಡನೆಯವನು ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ಯುವಕ. ಮೂರನೆಯವನು ತೀರ್ಥಹಳ್ಳಿಯ ಕಡೆಯ ಹುಡುಗ. ಬೆಂಗಳೂರಿನ ಕಂಪನಿಯೊಂದರ ಕೆಲಸವನ್ನು ಇಲ್ಲಿಂದಲೇ ಮಾಡುತ್ತ, ಕಂತಿನ ಮೇಲೆ ಒಂದು ಎಲೆಕ್ಟ್ರಿಕ್ ಗಿಟಾರ್ ಕೊಂಡಿದ್ದಾನೆ. ಕಂತು ಮುಗಿದಿದೆ, ಮೊದಲ ಪಾಠ ಇನ್ನೂ ಮುಗಿದಿಲ್ಲ. ನಾನು ಪಕ್ಕದ ಮೇಜಿನವನು. ಪತ್ರಿಕೆ ಓದುವ ನೆಪದಲ್ಲಿ ಕಲಾಪಕ್ಕೆ ಕಿವಿಗೊಟ್ಟು ಕುಳಿತಿರುತ್ತಿದ್ದ ನನ್ನನ್ನು ಒಂದು ದಿನ ಅವರೇ ಕರೆದು ಸಾಕ್ಷಿಯ ಕುರ್ಚಿಯಲ್ಲಿ ಕೂರಿಸಿಕೊಂಡರು.

ಆರೋಪಗಳು ಹಲವಿದ್ದರೂ ಅವೆಲ್ಲ ಬಂದು ಸೇರುವುದು ಒಂದೇ ಕಡೆಗೆ: ದುಃಖದ ಸಂಗೀತವಾದ ಬ್ಲೂಸ್ ನುಡಿಸುವ ಆರೋಪಿಗೆ ದುಃಖವೇ ಇಲ್ಲ. "ಅಪ್ಪ-ಅಮ್ಮನದು ಗಿಟಾರ್ ಅಂಗಡಿ ಸಾರ್. ಹನ್ನೆರಡನೇ ವಯಸ್ಸಿಗೇ ಬ್ಲೂಸ್ ದಿಗ್ಗಜ ಬಿ.ಬಿ. ಕಿಂಗ್ ಕಛೇರಿಗೆ ಮುಂಚೆ ನುಡಿಸೋಕೆ ಸ್ಟೇಜ್ ಹತ್ತಿದಾನೆ. ಅಂಥವನಿಗೆ ದುಃಖ ಎಲ್ಲಿಂದ ಬರ್ಬೇಕು?" ಎಂದು ಮಂಡಿಯ ಯುವಕ ಕೇಳಿದ. ಗಾಂಧಿ ಬಜಾರಿನಲ್ಲಿ ಅಪ್ಪನ ಗಲ್ಲಾಪೆಟ್ಟಿಗೆಯ ಎದುರು ಕುಳಿತು ಬೆಳೆದ ಯಾವ ಮಗನನ್ನಾದರೂ ಕರೆದು ವಿಚಾರಿಸಿದರೆ ಅಂಗಡಿಯವರ ಮಕ್ಕಳಿಗೆ ದುಃಖ ಎಲ್ಲಿಂದ ಬರುತ್ತದೆಂಬುದನ್ನು ಅವನು ಸವಿಸ್ತಾರವಾಗಿ ಹೇಳಿಯಾನು ಎಂದು ನನಗೆ ಅನಿಸಿತು. ಆದರೆ ಸಾಕ್ಷಿಯಾದವನು ಕೇಳಿದಷ್ಟಕ್ಕೆ ಮಾತ್ರ ಉತ್ತರಿಸಬೇಕೆಂದು ಸುಮ್ಮನಿದ್ದೆ.

ಬ್ಲೂಸ್ ದುಃಖದಿಂದ ಹುಟ್ಟಿದ್ದೆಂಬ ಮಾತು ಸುಳ್ಳೇನಲ್ಲ. ಮಿಸಿಸಿಪ್ಪಿಯ ಹತ್ತಿಹೊಲಗಳಲ್ಲಿ, ಗುಲಾಮಗಿರಿಯಿಂದ ಹೆಚ್ಚಾಗಿ ಕಾಗದದ ಮೇಲಷ್ಟೇ ಬಿಡುಗಡೆ ಪಡೆದಿದ್ದ ಕಪ್ಪು ಜನರ ನಡುವೆ ಅದು ಬೆಳೆಯಿತು. 1936 ಮತ್ತು 1937ರಲ್ಲಿ 29 ಹಾಡುಗಳನ್ನು ಧ್ವನಿಮುದ್ರಿಸಿದ ರಾಬರ್ಟ್ ಜಾನ್ಸನ್ ಮರುವರ್ಷವೇ, 27ನೇ ವಯಸ್ಸಿನಲ್ಲಿ, ತೀರಿಕೊಂಡರು. 1943ರಲ್ಲಿ ಮಿಸಿಸಿಪ್ಪಿ ಬಿಟ್ಟು ಷಿಕಾಗೋ ಸೇರಿದ ಮಡ್ಡಿ ವಾಟರ್ಸ್, ಅಲ್ಲಿನ ಕ್ಲಬ್ಬುಗಳ ಗದ್ದಲದಲ್ಲಿ ತಮ್ಮ ನುಡಿತ ಕೇಳಿಸಲೆಂದು ಗಿಟಾರಿಗೆ ವಿದ್ಯುತ್ತಿನ ಆಸರೆ ಪಡೆದರು. ನಮ್ಮ ಪೀಠವು ಈ ಚರಿತ್ರೆಯನ್ನೆಲ್ಲ ಚೆನ್ನಾಗಿ ಓದಿಕೊಂಡಿದೆ. ಓದಿಕೊಂಡು, ದುಃಖವೆಂಬುದು ಹುದ್ದೆಯೊಂದಕ್ಕೆ ಬೇಕಾದ ಕನಿಷ್ಠ ವಿದ್ಯಾರ್ಹತೆ ಎಂಬ ತೀರ್ಮಾನಕ್ಕೆ ಬಂದಿದೆ. ಹಾಗಿದ್ದರೆ ನಾಡಕಚೇರಿಯಲ್ಲಿ ಜಾತಿ ಮತ್ತು ಆದಾಯದ ಅರ್ಜಿಗಳ ಪಕ್ಕದಲ್ಲೇ ದುಃಖದ ದೃಢೀಕರಣ ಪತ್ರಕ್ಕೂ ಒಂದು ನಮೂನೆ ಇಟ್ಟುಬಿಡಬಹುದು. ಅರ್ಜಿದಾರನು ಪ್ರೇಮದಲ್ಲಿ ವಿಫಲನಾಗಿರುವನೇ, ಆಗಿದ್ದಲ್ಲಿ ಎಷ್ಟು ಬಾರಿ, ತಂದೆಯು ಅಂಗಡಿ ಹೊಂದಿರುವನೇ, ಹೊಂದಿದ್ದಲ್ಲಿ ಅದು ನಷ್ಟದಲ್ಲಿರುವುದೇ ಎಂಬ ಕಲಮುಗಳನ್ನು ತುಂಬಿಸಿ, ಗ್ರಾಮ ಲೆಕ್ಕಿಗರ ಸ್ಥಳ ತನಿಖೆ ಮಾಡಿಸಿ, ಆಮೇಲೆ ಗಿಟಾರು ಮುಟ್ಟಲು ಬಿಡಬಹುದು.

ಈ ನಮೂನೆ ನಿಜಕ್ಕೂ ಜಾರಿಗೆ ಬಂದರೆ ಅರ್ಹರನ್ನು ಹುಡುಕಿಕೊಂಡು ಮಿಸಿಸಿಪ್ಪಿಯವರೆಗೆ ಹೋಗಬೇಕಾಗಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು ನಿಂತಾಗ ಶರಾವತಿಯ ಹಿನ್ನೀರಿನಲ್ಲಿ ಊರು, ತೋಟ, ದೇವಸ್ಥಾನಗಳನ್ನೆಲ್ಲ ಬಿಟ್ಟು ಎದ್ದುಬಂದವರ ಮಕ್ಕಳು ಮೊಮ್ಮಕ್ಕಳು ಹಕ್ಕುಪತ್ರಕ್ಕಾಗಿ ಇನ್ನೂ ಅಲೆಯುತ್ತಿದ್ದಾರೆ. ಅವರ ಅಂಗಳಗಳನ್ನು ಮುಳುಗಿಸಿದ ನೀರಿನಿಂದ ತೆಗೆದ ಕರೆಂಟಿನಲ್ಲಿ ನಾಡಿನ ಎಷ್ಟೋ ಎಲೆಕ್ಟ್ರಿಕ್ ಗಿಟಾರುಗಳು ನುಡಿದಿವೆ. ಮಳೆಯ ಬಿಡುವು ನೋಡಿಕೊಂಡು ಕೊನೆಗಾರ ಮರ ಹತ್ತಿ, ಕೊಳೆರೋಗಕ್ಕೆಂದು ಬೋರ್ಡೋ ದ್ರಾವಣ ಹೊಡೆದು ಇಳಿಯುವಷ್ಟರಲ್ಲಿ ಮತ್ತೆ ಮಳೆ ಸುರಿದು ಎಲ್ಲವೂ ತೊಳೆದುಹೋಗುವುದನ್ನು ಕೆಳಗೆ ನಿಂತು ನೋಡುವ ತೋಟದವನಿದ್ದಾನೆ. ಅದೇ ತೋಟಕ್ಕೆ ಈಗ ಎಲೆಚುಕ್ಕಿ ರೋಗವೂ ಬಂದಿದೆ. ಇವರೆಲ್ಲರೂ ಬ್ಲೂಸ್ ನುಡಿಸಲು ಅರ್ಹರೇ ಎಂದು ನಾನು ಪೀಠವನ್ನು ವಿನಯದಿಂದ ಕೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಕೊನೆಗೆ ತೀರ್ಥಹಳ್ಳಿಯ ಹುಡುಗ, ಸ್ವತಃ ಎರಡು ಎಕರೆ ಎಲೆಚುಕ್ಕಿಯ ವಾರಸುದಾರನಾಗಿಯೂ, "ಅದು ಬೇರೆ ದುಃಖ ಸಾರ್, ಅದ್ರಲ್ಲಿ ಫೀಲ್ ಇಲ್ಲ" ಎಂದ.

ಮಂಡಿಯ ಯುವಕನ ವಿಮರ್ಶೆಗೆ ವೃತ್ತಿಯ ಬಲವಿದೆ. ಅವನು ಗಿಟಾರ್ ವಾದಕರನ್ನು ಅಡಿಕೆಯ ದರ್ಜೆಗಳಂತೆ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಿಸಿ ಇಟ್ಟಿದ್ದಾನೆ. ಅಡಿಕೆಯಲ್ಲಿ ಎಳೆಯದಾಗಿ ಕೊಯ್ದು ಸುಲಿದು ಬೇಯಿಸಿದ್ದು ಸರಕಾಗುತ್ತದೆ, ಅದಕ್ಕೇ ಮೇಲಿನ ಬೆಲೆ. ಬಲಿತು ಹೋದದ್ದು ಗೊರಬಲು. ಸಂಗೀತಕ್ಕೂ ಅವನು ಈ ನಿಯಮವನ್ನು ಒಂದು ಕೂದಲಿನಷ್ಟೂ ಸಡಿಲಿಸುವುದಿಲ್ಲ. 27ಕ್ಕೆ ಹೋದ ರಾಬರ್ಟ್ ಜಾನ್ಸನ್ ಸರಕು, 27ಕ್ಕೇ ಹೋದ ಜಿಮಿ ಹೆಂಡ್ರಿಕ್ಸ್ ಸರಕು, 35ಕ್ಕೆ ಹೋದ ಸ್ಟೀವಿ ರೇ ವಾನ್ ಕೂಡ ಸ್ವಲ್ಪ ರಿಯಾಯಿತಿಯ ಮೇಲೆ ಸರಕೇ. ಎರಿಕ್ ಕ್ಲಾಪ್ಟನ್, ಬಡ್ಡಿ ಗೈ ಮುಂತಾದವರು ಬೆಟ್ಟೆಯಲ್ಲಿ ಬರುತ್ತಾರೆ. ಜಾನ್ ಮೇಯರ್, ಗ್ಯಾರಿ ಕ್ಲಾರ್ಕ್ ಜೂನಿಯರ್ ರಾಶಿ. ಬೊನಮಾಸರನ್ನು ಅವನು ಮೊದಲು ರಾಶಿಯಲ್ಲಿಟ್ಟಿದ್ದ. ಅವರಿಗೆ ನಲವತ್ತು ದಾಟಿದ್ದು ತಿಳಿದ ಮೇಲೆ ಗೊರಬಲಿನ ಕಡೆಗೆ ಸರಿಸಿದ್ದಾನೆ. ಬದುಕಿರುವುದೇ ಒಂದು ದೋಷವಾಗಿ, ದಿನೇ ದಿನೇ ದರ ಇಳಿಯುವ ಈ ಮಾರುಕಟ್ಟೆಯಲ್ಲಿ ಕಲಾವಿದನು ಮಾಡಬಹುದಾದದ್ದು ಬಹಳ ಕಡಿಮೆ.

ನಿವೃತ್ತರು ಇನ್ನೂ ಖಚಿತವಾಗಿದ್ದಾರೆ. 1990ರ ಆಗಸ್ಟಿನಲ್ಲಿ ಸ್ಟೀವಿ ರೇ ವಾನ್ ಕುಳಿತಿದ್ದ ಹೆಲಿಕಾಪ್ಟರ್ ಬಿದ್ದ ದಿನವೇ ಬ್ಲೂಸ್ ಮುಗಿಯಿತೆಂಬುದು ಅವರ ಅಭಿಮತ. ವಾನ್ ದಪ್ಪ ತಂತಿಗಳನ್ನು ಕಟ್ಟಿ ಬೆರಳು ಕಿತ್ತುಹೋಗುವಂತೆ ನುಡಿಸುತ್ತಿದ್ದರು ಎಂದು ಹೇಳುವಾಗ ಅವರು ತಮ್ಮ ಬೆರಳುಗಳನ್ನೇ ನೇವರಿಸಿಕೊಳ್ಳುತ್ತಾರೆ. ನನಗೆ ಈ ಮಾತು ಎಲ್ಲೋ ಕೇಳಿದ್ದೆನಿಸುತ್ತಿತ್ತು. ಸಾಗರ, ಹೊಸನಗರದ ಕಡೆ ಯಕ್ಷಗಾನದ ಆಟಕ್ಕೆ ಹೋದಾಗ, ಭಾಗವತರು ಎದುರಿನಲ್ಲೇ ಕುಳಿತು ಕಂಠ ಬಿಚ್ಚಿ ಹಾಡುತ್ತಿರುವಂತೆಯೇ, ಹಿಂದಿನ ಸಾಲಿನಲ್ಲಿ ಕವಳ ಹಾಕಿಕೊಂಡು "ನಾವಡರ ಮೇಲೆ ಭಾಗವತಿಕೆ ಮುಗೀತು ಮಾರಾಯ" ಎನ್ನುವವರು ಇದ್ದೇ ಇರುತ್ತಾರೆ. ಕಾಳಿಂಗ ನಾವಡರು ರಸ್ತೆ ಅಪಘಾತದಲ್ಲಿ ತೀರಿಕೊಂಡದ್ದೂ ಅದೇ 1990ರಲ್ಲಿ. ಒಂದೇ ವರ್ಷದಲ್ಲಿ ಎರಡು ಖಂಡಗಳ ಎರಡು ಕಲೆಗಳಿಗೆ ಅಭಿಮಾನಿಗಳು ಬೀಗ ಜಡಿದಿದ್ದಾರೆ. ಆದೇಶದ ಪ್ರತಿ ತಲುಪದ ಕಾರಣ ಕಲಾವಿದರು ಇನ್ನೂ ಹಾಡುತ್ತ, ನುಡಿಸುತ್ತ ಇದ್ದಾರೆ.

ಸೂಟು ತೊಟ್ಟು, ಕಪ್ಪು ಕನ್ನಡಕ ಹಾಕಿಕೊಂಡು ನುಡಿಸುತ್ತಾರೆಂಬ ಆರೋಪವನ್ನು ಇಲ್ಲಿ ವಿಸ್ತರಿಸುವುದಿಲ್ಲ. ಅಭಿಮಾನಿಗಳನ್ನು ಹಡಗಿನಲ್ಲಿ ಕೂರಿಸಿಕೊಂಡು ಸಮುದ್ರದ ಮೇಲೆ ಬ್ಲೂಸ್ ಕಛೇರಿ ನಡೆಸುತ್ತಾರೆಂಬುದು ನಿಜ. ಅದನ್ನು ಖಂಡಿಸಿದ ನಿವೃತ್ತರೇ ಮರುಕ್ಷಣ ಟಿಕೆಟ್ಟಿನ ದರ ವಿಚಾರಿಸಿದ್ದನ್ನು ದಾಖಲಿಸಿ ಮುಂದೆ ಹೋಗುತ್ತೇನೆ. ಗಿಟಾರುಗಳ ವಿಷಯ ಹಾಗಲ್ಲ. ಬೊನಮಾಸರ ಬಳಿ ನಾನೂರಕ್ಕೂ ಹೆಚ್ಚು ಗಿಟಾರುಗಳಿವೆ. ಒಬ್ಬ ಮನುಷ್ಯನಿಗೆ ಇಷ್ಟೊಂದು ಗಿಟಾರು ಏಕೆಂದು ಪೀಠವು ಐದು ನಿಮಿಷ ಕಿಡಿಕಾರಿ, ಅನಂತರ ಅದರಲ್ಲೊಂದು ಗಿಟಾರಿನ ಬಗ್ಗೆಯೇ ಐವತ್ತು ನಿಮಿಷ ಮಾತನಾಡಿತು. 1958ರಿಂದ 1960ರವರೆಗೆ ಗಿಬ್ಸನ್ ಕಂಪನಿ ಮಾಡಿದ ಸನ್‌ಬರ್ಸ್ಟ್ ಬಣ್ಣದ ಲೆಸ್ ಪಾಲ್ ಗಿಟಾರು ಇಂದು ಕೋಟಿಗಳಲ್ಲಿ ಮಾರಾಟವಾಗುತ್ತದೆ. ಅದರ ಒಡಲು ಮಹಾಗನಿ, ಮೇಲ್ಮೈ ಮೇಪಲ್. ಟೋನ್, ಅಂದರೆ ನಾದದ ಗುಣ, ಎಲ್ಲ ಮರದಲ್ಲಿದೆ ಎಂದು ತೀರ್ಥಹಳ್ಳಿಯ ಹುಡುಗ ಹೇಳಿದ್ದೇ ತಡ, ಮಲೆನಾಡಿನವರ ಎದುರು ಮರದ ಮಾತೆತ್ತಿದ್ದರ ಫಲವಾಗಿ ಚರ್ಚೆಯು ವೀಣೆಗೆ ಹಲಸೇ ಏಕೆ ಎಂಬಲ್ಲಿಂದ ಹೊರಟು, ಬೀಟೆ, ತೇಗ, ಹೊನ್ನೆಗಳನ್ನು ಹಾದು, ಅರಣ್ಯ ಇಲಾಖೆಯ ಪರ್ಮಿಟ್ಟಿನವರೆಗೆ ಬಂದು ನಿಂತಿತು. ಆರೋಪಿ ನುಡಿಸಿದ ಒಂದು ಸ್ವರದ ಪ್ರಸ್ತಾಪವೂ ಆ ಸಂಜೆ ಬರಲಿಲ್ಲ.

2009ರ ಮೇ ತಿಂಗಳಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬೊನಮಾಸರ ಕಛೇರಿಗೆ ಕ್ಲಾಪ್ಟನ್ ಬಂದು ಜೊತೆಗೆ ನುಡಿಸಿದ್ದನ್ನು ನಾನು ಆರೋಪಿಯ ಪರವಾದ ಪುರಾವೆಯೆಂದು ಹಾಜರುಪಡಿಸಿ ನೋಡಿದೆ. ದೇವರೇ ಬಂದು ಪಕ್ಕದಲ್ಲಿ ನಿಂತರೂ ಭಕ್ತಿ ಬರಲಿಲ್ಲವಲ್ಲ ಎಂದು ನಿವೃತ್ತರು ಅದನ್ನು ವಿರುದ್ಧದ ಪುರಾವೆಯಾಗಿ ದಾಖಲಿಸಿಕೊಂಡರು. 1960ರ ದಶಕದಲ್ಲಿ ಲಂಡನ್ನಿನ ಬೀದಿಯಲ್ಲಿ ಅಭಿಮಾನಿಗಳು ಕ್ಲಾಪ್ಟನ್ ದೇವರೆಂದು ಬರೆದದ್ದರ ಪ್ರಸಿದ್ಧ ಛಾಯಾಚಿತ್ರವೊಂದಿದೆ. ಆ ಬರಹದ ಕೆಳಗೇ ನಾಯಿಯೊಂದು ಕಾಲೆತ್ತಿ ನಿಂತಿರುವುದು ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಗಿಟಾರ್ ಅಭಿಮಾನದ ಕುರಿತು ಅದಕ್ಕಿಂತ ಸಂಕ್ಷಿಪ್ತವಾದ ವಿಮರ್ಶೆಯನ್ನು ನಾನು ಇದುವರೆಗೆ ಕಂಡಿಲ್ಲ.

ಕಳೆದ ಗುರುವಾರ ಸಂಜೆ ಮಳೆ ಹಿಡಿದು, ಹೋಟೆಲಿನ ಹಿಂಭಾಗದ ತಗಡಿನ ಮೇಲೆ ಬಡಿಯುತ್ತಿದ್ದಾಗ "ಬೆರಳಿದೆ, ಕರುಳಿಲ್ಲ" ಎಂಬ ಅಂತಿಮ ತೀರ್ಪು ಮತ್ತೊಮ್ಮೆ ಹೊರಬಿತ್ತು. ಒಮ್ಮೆ ಹಾಡನ್ನೇ ಹಾಕಿ ಕೇಳಬಾರದೇಕೆ ಎಂದು ನಾನು ಕೇಳಿದೆ. ತಿಂಗಳುಗಳ ಕಲಾಪದಲ್ಲಿ ಯಾರಿಗೂ ಹೊಳೆಯದ ಈ ಸಲಹೆಯನ್ನು ಪೀಠವು ಕೊಂಚ ಅನುಮಾನದಿಂದಲೇ ಒಪ್ಪಿತು. ತೀರ್ಥಹಳ್ಳಿಯ ಹುಡುಗ ಮೊಬೈಲ್ ತೆಗೆದ. ಮಳೆಯ ಸದ್ದಿನಲ್ಲಿ ಏನೂ ಕೇಳಿಸದಿದ್ದಾಗ ಅವನು ಕಾಫಿ ಕುಡಿದಿಟ್ಟ ಸ್ಟೀಲ್ ಲೋಟವನ್ನು ಹತ್ತಿರಕ್ಕೆ ಎಳೆದು, ಅದರೊಳಗೆ ಮೊಬೈಲನ್ನು ನಿಲ್ಲಿಸಿದ. ಲೋಟದ ತಳದಲ್ಲಿ ಒಂದಿಷ್ಟು ನೊರೆ, ಕರಗದ ಸಕ್ಕರೆ ಇನ್ನೂ ಇದ್ದವು. ಸದ್ದು ದುಂಡಗಾಗಿ, ತುಂಬಿಕೊಂಡು ಹೊರಬಂತು. ಹನ್ನೆರಡು ಬಾರು ಅಂದರೆ ತಾಳದ ಆವರ್ತಗಳ, ಮೂರು ಕಾರ್ಡು ಅಂದರೆ ಸ್ವರಗುಚ್ಛಗಳ, ಬ್ಲೂಸಿನ ಹಳೆಯ ಚೌಕಟ್ಟು. ಅದರ ಮೇಲೆ ಗಿಟಾರು ನಿಧಾನವಾಗಿ ತೆವಳುತ್ತಿತ್ತು. "ಆಹಾ, ಟೋನ್ ನೋಡಿ, ಇದು ಐವತ್ತೊಂಬತ್ತರ ಲೆಸ್ ಪಾಲೇ! ಎಷ್ಟು ಬೆಚ್ಚಗಿದೆ" ಎಂದು ಹುಡುಗ ಕಣ್ಣು ಮುಚ್ಚಿದ. ನಿವೃತ್ತರು, "ಮಹಾಗನಿ" ಎಂದು ತಲೆದೂಗಿದರು.

ಎದುರಿನ ಮೇಜಿನಲ್ಲಿ ಮೊಮ್ಮಗಳಿಗೆ ಪಡ್ಡು ತಿನ್ನಿಸುತ್ತಿದ್ದ ಸಂಗೀತದ ಟೀಚರೊಬ್ಬರು ಇತ್ತ ತಿರುಗಿ, "ಶುದ್ಧ ಧನ್ಯಾಸಿ ರಾಗದ ಸ್ವರಗಳಲ್ವಾ ಇದು? ಸ ಗ ಮ ಪ ನಿ" ಎಂದರು. ಮತ್ತೆ ಸ್ವಲ್ಪ ಕೇಳಿಸಿಕೊಂಡು, "ಗಾಂಧಾರವನ್ನ ಸಾಧಾರಣಕ್ಕೂ ಅಂತರಕ್ಕೂ ನಡುವೆ ಎಲ್ಲೋ ಎಳೆದು ನಿಲ್ಲಿಸ್ತಾರೆ, ಚೆನ್ನಾಗಿದೆ. ಯಾರು ನುಡಿಸ್ತಿರೋದು?" ಎಂದು ಕೇಳಿದರು. "ಅಮ್ಮಾ, ಇದು ಬ್ಲೂಸು" ಎಂದು ಮಂಡಿಯ ಯುವಕ ಮರುಕದಿಂದ ತಿಳಿಸಿದ. ಅವರು, "ಹೌದಾ" ಎಂದು ಚಟ್ನಿಯ ಬಟ್ಟಲನ್ನು ಮೊಮ್ಮಗಳ ಕಡೆಗೆ ಸರಿಸಿ, ಮೇಜಿನ ಅಂಚಿನ ಮೇಲೆ ಬೆರಳಿನಲ್ಲಿ ತಾಳ ಹಾಕುತ್ತ ಕುಳಿತರು.

ಅಷ್ಟರಲ್ಲಿ ಮೇಜು ಒರೆಸಲು ಬಂದ ಹುಡುಗ ಮೊಬೈಲನ್ನು ಮರ್ಯಾದೆಯಿಂದ ಎತ್ತಿ ಮೇಜಿನ ಮೇಲೆ ಮಲಗಿಸಿ, ಲೋಟವನ್ನು ತೊಳೆಯಲು ತೆಗೆದುಕೊಂಡು ಹೋದ. ಗಿಟಾರು ಸೊಳ್ಳೆಯಂತೆ ಗುಂಯ್‌ಗುಡತೊಡಗಿತು. ಪೀಠವು ಕಣ್ಣು ತೆರೆಯಿತು. ನಿವೃತ್ತರು ನನ್ನ ಮೊಣಕೈ ಮುಟ್ಟಿ, ಇಷ್ಟು ದಿನ ಹೇಳಲು ಪಟ್ಟ ಕಷ್ಟಕ್ಕೆ ಕೊನೆಗೂ ಸಾಕ್ಷಿ ಸಿಕ್ಕಿದ ಸಮಾಧಾನದಲ್ಲಿ, "ನೋಡಿದ್ರಾ ಸಾರ್, ಸರಿಯಾಗಿ ಇಲ್ಲೇ ಅವನು ಫೀಲ್ ಕಳ್ಕೊಳ್ಳೋದು" ಎಂದರು.