ನಿನ್ನನ್ನು ಯಾವಾಗ ಕೇಳಿದರು?

ಆಮ್‌ಸ್ಟರ್‌ಡ್ಯಾಮಿನಲ್ಲಿ ನಮ್ಮ ಕೆಳಗಿನ ಮನೆಯ ಅಜ್ಜಿ ಮೆನೊನೈಟ್ ಅನ್ನೋ ಕ್ರೈಸ್ತ ಪಂಥದವರು. ಅವರ ನಡುಮನೆಯ ಗೋಡೆಗೆ ಒಂದೇ ಚಿತ್ರ, ಹಳೇ ಕಾಲದ ಎಚಿಂಗ್. ತಾಮ್ರದ ತಗಡಿಗೆ ಮೇಣ ಬಳಿದು, ಸೂಜಿಯಲ್ಲಿ ಗೀರಿ, ಆಸಿಡ್ಡಿನಲ್ಲಿ ಅದ್ದಿ ಅಚ್ಚು ತೆಗೀತಿದ್ದರಲ್ಲ, ಅದು. ಮೊಣಕಾಲೂರಿದ ಒಬ್ಬ ಹುಡುಗಿ. ಬೋಧಕ ಅವಳ ನೆತ್ತಿಗೆ ನೀರು ಹಾಕುತ್ತಿದ್ದಾನೆ. ಸುತ್ತ ಬೆಂಚಿನ ತುಂಬ ಜನ. ಬೋಳು ಗೋಡೆ. ಒಂದು ವಿಗ್ರಹವಿಲ್ಲ, ಮೇಣದಬತ್ತಿಯೂ ಇಲ್ಲ.

"ಬ್ಯಾಪ್ಟಿಸಮ್ಮಾ? ಕೂಸೆಲ್ಲಿ?" ಎಂದೆ.

ಅಜ್ಜಿ ನಕ್ಕರು. ಇವರಲ್ಲಿ ಕೂಸಿಗೆ ದೀಕ್ಷೆಯ ನೀರು ಹಾಕುವುದೇ ಇಲ್ಲವಂತೆ. ಬೆಳೆದವರು ತಾವಾಗಿ ಬಂದು ಕೇಳಬೇಕು. ಅಜ್ಜಿ ತಮ್ಮ ನಂಬಿಕೆ ಏನು ಅಂತ ಕೈಯಾರೆ ಬರೆದು, ಸಭೆಯ ಮುಂದೆ ಓದಿದ್ದರು. "ನಿನ್ನನ್ನು ಯಾವಾಗ ಕೇಳಿದರು?" ಎಂದರು.

ಚುರುಕ್ ಅಂತು. ನನಗೆ ಲಿಂಗ ಕಟ್ಟಿದಾಗ ನಾನು ತೊಟ್ಟಿಲಲ್ಲಿದ್ದೆ. ಜವಳದಿಂದ ಹಿಡಿದು ಇಂಜಿನಿಯರಿಂಗ್ ಸೀಟು, ಹೆಣ್ಣು ನೋಡೋವರೆಗೆ ನಮ್ಮಲ್ಲಿ ಯಾರು ಯಾರನ್ನ ಕೇಳಿದ್ದಾರೆ? ಮುಂಜಿ ಒಲ್ಲೆ ಎಂದ ಬಸವಣ್ಣನ ಕಥೆ ಹೇಳಿಕೊಂಡೇ ಕೂಸಿನ ಕೊರಳಿಗೆ ಲಿಂಗ ಕಟ್ಟುತ್ತೇವೆ. ಯಾರಿಗೂ ನಗು ಬರೋದಿಲ್ಲ.

ಹೀಗೆ ಕೇಳಿ ಪಡೆಯುವುದಕ್ಕೆ ಇವರ ಹಿರಿಯರು ಜೀವ ತೆತ್ತಿದ್ದಾರೆ. 1525ರ ಜನವರಿಯಲ್ಲಿ ಜ್ಯೂರಿಚ್‌ನಲ್ಲಿ ಕೆಲವರು ದೊಡ್ಡವರಾದ ಮೇಲೆ ಮತ್ತೆ ನೀರು ಹಾಕಿಸಿಕೊಂಡರು. ಎರಡೇ ವರ್ಷಕ್ಕೆ ಅವರಲ್ಲೊಬ್ಬ ಫೆಲಿಕ್ಸ್ ಮಾಂಟ್ಸ್‌ನನ್ನು ಕೈಕಾಲು ಕಟ್ಟಿ ಲಿಮ್ಮಟ್ ಹೊಳೆಯಲ್ಲಿ ಮುಳುಗಿಸಿದರು. ನೀರು ಕೇಳಿದ್ಯಲ್ಲ, ತಗೋ ಅನ್ನೋ ಹಾಗೆ. ಪಂಥಕ್ಕೆ ಹೆಸರು ಕೊಟ್ಟ ಮೆನೊ ಸೈಮನ್ಸ್ 1536ರಲ್ಲಿ ಪಾದ್ರಿ ಕೆಲಸ ಬಿಟ್ಟು ತಲೆಮರೆಸಿಕೊಂಡೇ ತಿರುಗಿದ. ಇಲ್ಲಿ ಸಿಂಗೆಲ್ ಕಾಲುವೆ ದಂಡೆಯಲ್ಲಿ 1608ರಲ್ಲಿ ಕಟ್ಟಿದ ಇವರ ಚರ್ಚಿದೆ. ಬೀದಿಯಿಂದ ನೋಡಿದರೆ ಸುಮ್ನೆ ಮನೆಗಳ ಸಾಲು.

ಅಂಥವರ ಮುಂದೆ ನಮ್ಮದು ಬರೀ ರೂಢಿ ಅಂತ ಒಂದು ವಾರ ಒಳಗೇ ಕುದ್ದೆ.

ಆಮೇಲೆ ಗೊತ್ತಾಯ್ತು, ಅಜ್ಜಿಯ ಮೂವರು ಮೊಮ್ಮಕ್ಕಳಲ್ಲಿ ಒಬ್ಬರೂ ಬಂದು ಕೇಳಿಲ್ಲ. ಅಜ್ಜಿ ಅದನ್ನು ಹೇಳಿದ್ದು ಚಹಾ ಕಪ್ಪು ತೊಳೆಯುತ್ತ, ನನ್ನ ಕಡೆ ತಿರುಗದೆ. ನನಗೋ, ಯಾರೂ ಕೇಳದಿದ್ದರೂ ಆ ಲಿಂಗದ ಕರಡಿಗೆ ಹೋದಲ್ಲೆಲ್ಲ ಜೊತೆಗೆ ಬಂದಿದೆ. ಈಗ ಮೇಜಿನ ಡ್ರಾವರಿನಲ್ಲಿದೆ ಅನ್ನಿ.

ಮಗಳಿಗೆ ಲಿಂಗ ಕಟ್ಟಿಸಿಲ್ಲ. ಮೊನ್ನೆ ಧಾರವಾಡದಿಂದ ಅವ್ವ ಫೋನಿನಲ್ಲಿ ಮತ್ತೆ ಅದನ್ನೇ ತೆಗೆದಳು. "ದೊಡ್ಡಾಕಿ ಆಗಿ ಅಕೀನ ಕೇಳ್ಲಿ ಬಿಡವಾ" ಎಂದೆ.

"ಕನ್ನಡ ಕಲಸೂಮುಂದ ಅಕೀನ್ನ ಕೇಳಿದ್ದೇನಪಾ?" ಎಂದಳು.